ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು



ಮಕ್ಕಳ ಆನ್‌ಲೈನ್ ಪಾಠ, ದೂರದೂರಿನಲ್ಲಿರುವ ಮಗಳ ಜೊತೆ ಮಾತು, ಊಟವಾದ ಮೇಲೆ ಒಂದಿಷ್ಟು ಸಂಗೀತ, ಎಲ್ಲಕ್ಕೂ ಈಗ ಮನೆಯ ಕಂಪ್ಯೂಟರು ಬೇಕು. ಅದರ ಸ್ಪೀಕರಿನಲ್ಲಿ ಗುಂಯ್ ಎಂದೋ ಕರಕರ ಎಂದೋ ಸದ್ದು ಸೇರಿಕೊಂಡರೆ ಎಷ್ಟೋ ಜನ ನೇರವಾಗಿ ಅಂಗಡಿಗೆ ಹೋಗಿ ಹೊಸ ಸ್ಪೀಕರು ತರುತ್ತಾರೆ. ಹೊಸದರಲ್ಲೂ ಅದೇ ಸದ್ದು! ಖರ್ಚಿಗೆ ಮೊದಲು ಆ ಸದ್ದನ್ನೇ ಗಮನವಿಟ್ಟು ಕೇಳಿ. ಅದು ಯಾವಾಗ ಬರುತ್ತದೆ, ಹೇಗೆ ಬರುತ್ತದೆ ಎನ್ನುವುದರಲ್ಲೇ ದೋಷದ ಗುರುತು ಇರುತ್ತದೆ.

ಮೊದಲು, ಸದ್ದು ಯಾವುದರದು? ಸ್ಪೀಕರಿನ ತಂತಿಯನ್ನು ಕಂಪ್ಯೂಟರಿನಿಂದ ತೆಗೆದು ಮೊಬೈಲಿಗೆ ಸಿಕ್ಕಿಸಿ. ಮೊಬೈಲು ಚಾರ್ಜಿಗೆ ಹಾಕಿರಬಾರದು. ಹಾಡು ಸ್ವಚ್ಛವಾಗಿ ಬಂದರೆ ಸ್ಪೀಕರಿನ ತಪ್ಪಿಲ್ಲ. ತಂತಿಯ ತುದಿಯನ್ನು ಸುಮ್ಮನೆ ಹೊರಗೆ ಬಿಟ್ಟು ಪರೀಕ್ಷೆ ಮಾಡಬೇಡಿ. ಎಲ್ಲಿಗೂ ಸೇರದ ತುದಿ ಸುತ್ತಲಿನ ವಿದ್ಯುತ್ತಿನ ಗುಂಯ್ ಸದ್ದನ್ನು ತಾನೇ ಹಿಡಿದುಕೊಳ್ಳುತ್ತದೆ. ಲ್ಯಾಪ್‌ಟಾಪಾದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ತಕ್ಷಣ ನಿಂತರೆ ಅದು ಗೋಡೆಯ ಪ್ಲಗ್ಗಿನ ಕಡೆಯಿಂದ ಬರುತ್ತಿದೆ.

ತಂತಿ ಅಲುಗಿದಾಗ, ವಾಲ್ಯೂಮ್ ತಿರುಗಿಸಿದಾಗ ಮಾತ್ರ ಕರಕರ ಎಂದರೆ ಅದು ಧೂಳು, ಕಿಲುಬು. ಜ್ಯಾಕನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ನಾಲ್ಕಾರು ಸಲ ಹಾಕಿ ತೆಗೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಹಾಡಿನ ನಡುವೆ ಬಿಟ್ಟು ಬಿಟ್ಟು ಪಟ್, ಪಟ್ ಎನ್ನುವುದು ಬೇರೆ. ಕಂಪ್ಯೂಟರಿನಲ್ಲಿ ಒಂದು ಸೆಕೆಂಡಿನ ಧ್ವನಿ ಎಂದರೆ ಸಾಮಾನ್ಯವಾಗಿ 44,100 ಅಥವಾ 48,000 ಅಳತೆಗಳು. ಅವು ಕಂತು ಕಂತಾಗಿ ಸೌಂಡ್ ಚಿಪ್ಪಿಗೆ ಹೋಗುತ್ತವೆ. ಬೇರೆ ಕೆಲಸದ ಒತ್ತಡದಲ್ಲಿ ಒಂದು ಕಂತು ತಡವಾದರೆ ಅಲ್ಲೊಂದು ಪಟ್. ಇದಕ್ಕೆ ತಂತಿ ಬದಲಿಸಿ ಪ್ರಯೋಜನವಿಲ್ಲ. ಆಡಿಯೋ ಡ್ರೈವರನ್ನು ಹೊಸದಾಗಿ ಹಾಕಿ, ಸೌಂಡ್ ಸೆಟ್ಟಿಂಗಿನಲ್ಲಿ ಎನ್‌ಹಾನ್ಸ್‌ಮೆಂಟ್ ಎಂದಿರುವುದನ್ನು ಆಫ್ ಮಾಡಿ.

ಮೌಸ್ ಸರಿಸಿದಾಗ, ಪುಟ ಉರುಳಿಸಿದಾಗ ಚಿರ್ ಎನ್ನುವ ಸದ್ದನ್ನೂ ಕೆಲವರು ಕೇಳಿರುತ್ತೀರಿ. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎಳೆದುಕೊಳ್ಳುವ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಅದು ಪಕ್ಕದ ಧ್ವನಿ ಸರ್ಕೀಟಿಗೂ ಸೋರುತ್ತದೆ. ಕ್ಯಾಬಿನೆಟ್ಟಿನ ಮುಂಭಾಗದ ಹೆಡ್‌ಫೋನ್ ತೂತಿಗೆ ಬರುವ ತೆಳ್ಳನೆಯ ತಂತಿ ಈ ಗದ್ದಲದ ನಡುವೆಯೇ ಹಾದು ಬರುವುದರಿಂದ ಅಲ್ಲಿ ತೊಂದರೆ ಹೆಚ್ಚು. ಹಿಂಭಾಗದ ಹಸಿರು ತೂತಿಗೆ ಹಾಕಿ ನೋಡಿ. ಆಗಲೂ ಹೋಗದಿದ್ದರೆ, ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ಅಂಕಿಗಳು ಧ್ವನಿಯಾಗುವ ಕೆಲಸ ಆಗ ಕ್ಯಾಬಿನೆಟ್ಟಿನಿಂದ ಹೊರಗೆ ನಡೆಯುತ್ತದೆ. ದುಡ್ಡು ಹಾಕಲೇಬೇಕೆಂದರೆ ದುಬಾರಿ ತಂತಿಗಿಂತ ಇದಕ್ಕೆ ಹಾಕುವುದು ಮೇಲು.

ಕೆಲವು ತೊಂದರೆಗಳು ತಂತಿಯಿಲ್ಲದೆಯೇ ಬರುತ್ತವೆ. ಮೊಬೈಲಿಗೆ ಕರೆ ಬರುವ ಮುಂಚೆ ಸ್ಪೀಕರು ಡಿಗಿಡಿಗಿ ಎನ್ನುವುದು 2ಜಿ ಫೋನಿನಿಂದ. ಅದು ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಪ್ರಸಾರ ಮಾಡುತ್ತದೆ. ಒಂದೆರಡು ಅಡಿ ದೂರವಿಟ್ಟರೆ ಸಾಕು. ಬ್ಲೂಟೂತ್ ಹೆಡ್‌ಫೋನ್ ತಡವರಿಸಿದರೆ ಹತ್ತಿರದಲ್ಲಿ ಮೈಕ್ರೋವೇವ್ ಒಲೆ ಓಡುತ್ತಿದೆಯೇ ನೋಡಿ, ಎರಡೂ 2.4 ಗಿಗಾಹರ್ಟ್ಸ್ ಸುತ್ತಮುತ್ತಲಿನವೇ.

ಕಳಪೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರು, ಇವೂ ಗದ್ದಲ ಮಾಡುತ್ತವೆ. ಯಾವುದು ಎಂದು ಹುಡುಕಲು ಸೆಲ್ ಹಾಕಿದ ಪುಟ್ಟ ರೇಡಿಯೋಗಿಂತ ಒಳ್ಳೆಯ ಉಪಕರಣ ಮನೆಯಲ್ಲಿಲ್ಲ. ಮಧ್ಯಮ ತರಂಗಕ್ಕೆ ಹಾಕಿ, ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ಮುಳ್ಳು ತಂದು, ಒಂದೊಂದರ ಹತ್ತಿರ ಹಿಡಿಯಿರಿ. ಎಲ್ಲಿ ಗರ್ ಎಂದು ಜೋರಾಗುತ್ತದೋ ಅದೇ ತಪ್ಪಿತಸ್ಥ. ಬೆಂಗಳೂರಿನ 612, ಧಾರವಾಡದ 765 ಕಿಲೋಹರ್ಟ್ಸ್ ಕೇಳುವವರ ರೇಡಿಯೋವನ್ನು ಕೆಡಿಸುವುದೂ ಇಂಥವೇ.

ಇನ್ನು ಎಡೆಬಿಡದ ಗುಂಯ್. ಇದು ಬರೀ ಕಿವಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಗುಂಯ್ ಎನ್ನುವುದು ಆ 50ರ ಅಥವಾ ಅದರ ಇಮ್ಮಡಿ 100ರ ಸದ್ದು. ಡೆಸ್ಕ್‌ಟಾಪಿನ ಪವರ್ ಸಪ್ಲೈ ತನ್ನ ಗದ್ದಲವನ್ನು ನೆಲಕ್ಕೆ ಹರಿಸಲು ವಿದ್ಯುತ್ ತಂತಿಗಳಿಗೂ ಲೋಹದ ಮೈಗೂ ನಡುವೆ ಪುಟ್ಟ ಕೆಪಾಸಿಟರುಗಳನ್ನು ಇಟ್ಟುಕೊಂಡಿರುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ಮೂರನೆಯ ಪಿನ್ನಿನಿಂದ ಇಳಿದುಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈಯಲ್ಲಿ ಸುಮಾರು 115 ವೋಲ್ಟ್ ನಿಂತಿರುತ್ತದೆ. ಸ್ಪೀಕರಿನಲ್ಲಿ ಗುಂಯ್ ಎನ್ನುವುದೂ, ಬರಿಗಾಲಿನಲ್ಲಿ ಮುಟ್ಟಿದಾಗ ಜುಂ ಎನ್ನುವುದೂ ಅದೇ. ಆ ಕರೆಂಟು ಬಹಳ ಸಣ್ಣದು, ನಿಜ. ಆದರೆ ಒಳಗೆ ತಂತಿ ಬಿಟ್ಟು ಮೈಗೆ ತಗುಲಿದ ದಿನ ಅಲ್ಲಿ ಪೂರ್ತಿ 230 ವೋಲ್ಟ್ ಇರುತ್ತದೆ, ಫ್ಯೂಸೂ ಹೋಗುವುದಿಲ್ಲ.

ಹಳೆಯ ಮನೆಗಳಲ್ಲಿ ಪ್ಲಗ್ ಪಾಯಿಂಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರಬಹುದು. ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲೂ ಹೀಗೇ. ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡುವುದಿಲ್ಲ. ಅದಕ್ಕೆ ಆಗಾಗ ನೀರು ಹಾಕಬೇಕು.

ಅರ್ಥಿಂಗ್ ಇದ್ದೂ ಗುಂಯ್ ಎನ್ನುವುದುಂಟು. ಕಂಪ್ಯೂಟರು ಒಂದು ಪಾಯಿಂಟಿನಲ್ಲಿ, ಆಂಪ್ಲಿಫೈಯರು ಇನ್ನೊಂದರಲ್ಲಿ ಇದ್ದಾಗ ಎರಡೂ ಕಡೆಯ ಅರ್ಥ್ ನಡುವಿನ ಸಣ್ಣ ವ್ಯತ್ಯಾಸ ಆಡಿಯೋ ತಂತಿಯ ಮೂಲಕ ಹರಿಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಎರಡನ್ನೂ ಒಂದೇ ಬಾಕ್ಸಿಗೆ ಹಾಕಿ. ಸಾಲದಿದ್ದರೆ ಆಡಿಯೋ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಜೋಡಿಸಿ. ಕರೆಂಟು ಹೋದಾಗ ಮಾತ್ರ ಗುಂಯ್ ಎಂದರೆ ನಿಮ್ಮ ಯುಪಿಎಸ್ ಚೌಕಾಕಾರದ ಅಲೆ ಕೊಡುವಂಥದ್ದಿರಬಹುದು. ಸೈನ್ ವೇವ್ ಯುಪಿಎಸ್ಸಿನಲ್ಲಿ ಈ ತೊಂದರೆ ಕಡಿಮೆ.

ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಕೆಲವೊಮ್ಮೆ ನಿಲ್ಲುವುದೂ ನಿಜ. ದಯವಿಟ್ಟು ಆ ಕೆಲಸ ಮಾಡಬೇಡಿ, ಎರಡು ಪಿನ್ನಿನ ಕನ್ವರ್ಟರನ್ನೂ ಹಾಕಬೇಡಿ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಎನ್ನುತ್ತಿದ್ದರೆ ಈ ವಾರವೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಮನೆಯ ಅರ್ಥಿಂಗ್ ಅಳೆಸಿ ನೋಡಿ. ಹೊಸ ಸ್ಪೀಕರಿನ ಮಾತು ಆಮೇಲೆ.