ಹಿಮಕುಸಿತವನ್ನು ಆಕಾಶದಿಂದ ನೋಡುವುದು

(ಶಾಲೆಯ ಸುವರ್ಣ ಮಹೋತ್ಸವದ ಉಪನ್ಯಾಸ ಮಾಲಿಕೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್‌ನಲ್ಲಿ ಇರುವವನು ಅಂತ ನನ್ನನ್ನು ಕರೆಸಿದ್ದಾರೆ. ನೌಕರಿ ಹಿಡಿಯುವುದು ಹೇಗೆ ಅಂತ ಹೇಳಲಿಕ್ಕೆ ನನಗಿಂತ ಬಲ್ಲವರು ಇಲ್ಲಿದ್ದಾರೆ. ನಾನು ನಮ್ಮಪ್ಪ ಕೇಳಿದ ಒಂದು ಪ್ರಶ್ನೆಯ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಉತ್ತರ ಹುಡುಕಲಿಕ್ಕೆ ನನಗೆ ಕೆಲವು ವರ್ಷವೇ ಹಿಡಿಯಿತು.

2016ರ ಫೆಬ್ರುವರಿ ನಿಮಗೆಲ್ಲ ನೆನಪಿದೆ. ಮುಂದೆ ಕುಳಿತ ಮಕ್ಕಳು ಆಗ ತೀರ ಚಿಕ್ಕವರು, ಅವರಿಗಾಗಿ ಹೇಳುತ್ತೇನೆ. ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ದೊಡ್ಡ ಗೋಡೆಯೇ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹುಗಿದುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ, ನಮ್ಮದೇ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಆರನೇ ದಿನ, 25–30 ಅಡಿ ಹಿಮದ ಕೆಳಗೆ ಹನುಮಂತಪ್ಪ ಜೀವಂತ ಸಿಕ್ಕರು. ಮೂರು ದಿನ ಇಡೀ ದೇಶ ದಿಲ್ಲಿಯ ಆಸ್ಪತ್ರೆಯ ಕಡೆ ಮುಖ ಮಾಡಿತ್ತು. 11ರಂದು ಅವರು ತೀರಿಕೊಂಡರು.

12ರಂದು ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಅಂತಿಮ ದರ್ಶನಕ್ಕೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ಅಪ್ಪ ಧಾರವಾಡ ಬರೋತನಕ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಅಲ್ಲೋ ತಮ್ಮಾ, ಮ್ಯಾಲೆ ಇಷ್ಟ ಉಪಗ್ರಹ ತಿರಗತಾವಂತೀರಿ. ಒಂದಕ್ಕೂ ಕಾಣಲಿಲ್ಲೇನು?"

ನಾನು ಬಿಇ ಮುಗಿಸಿದವ. ಉತ್ತರ ಗೊತ್ತಿರಲಿಲ್ಲ.

ಮೊದಲು ಒಂದು ಶಬ್ದ. ಪೇಪರಿನವರು "ಹಿಮಪಾತ" ಅಂತ ಬರೆಯುತ್ತಾರೆ. ಆಕಾಶದಿಂದ ಹಿಮ ಬೀಳುವುದಕ್ಕೂ ಅದೇ ಶಬ್ದ, ಗುಡ್ಡದಿಂದ ಜಾರಿ ಬೀಳುವುದಕ್ಕೂ ಅದೇ. ಗೊಂದಲ ಬೇಡ ಅಂತ ನಾನು ಎರಡನೆಯದಕ್ಕೆ ಹಿಮಕುಸಿತ ಎನ್ನುತ್ತೇನೆ.

ಸಾಮಾನ್ಯ ಉಪಗ್ರಹದ ಕ್ಯಾಮೆರಾಕ್ಕೆ ಬಿಸಿಲು ಬೇಕು, ಮೋಡ ಇರಬಾರದು. ಹಿಮ ಕುಸಿಯುವುದು ಹೆಚ್ಚಾಗಿ ಹಿಮ ಸುರಿಯುವಾಗ, ಸುರಿದ ಬೆನ್ನಲ್ಲೇ. ಆಗ ಅಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ರಾಡಾರ್ ಉಪಗ್ರಹ ಬೇರೆ ಜಾತಿ. ಅದು ತಾನೇ ರೇಡಿಯೊ ಅಲೆ ಬಿಟ್ಟು, ನೆಲಕ್ಕೆ ಬಡಿದು ತಿರುಗಿ ಬಂದದ್ದನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ರಾತ್ರಿಯೂ ಒಂದೇ, ಮೋಡವೂ ಒಂದೇ. ಯುರೋಪಿನ ಸೆಂಟಿನೆಲ್-1 ಅಂಥದ್ದು. ಮೊದಲನೆಯದು 2014ರ ಏಪ್ರಿಲ್‌ನಲ್ಲಿ ಹಾರಿತು. ಸುಮಾರು 700 ಕಿ.ಮೀ. ಎತ್ತರದಲ್ಲಿ ತಿರುಗುತ್ತದೆ. ಅದರ ಚಿತ್ರಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ.

ತಿರುಗಿ ಬಂದ ಅಲೆಯಲ್ಲಿ ಏನು ತಿಳಿಯುತ್ತದೆ? ರಾತ್ರಿ ಹೊಲಕ್ಕೆ ನೀರು ಬಿಡಲು ಹೋದವರಿಗೆ ಇದು ಗೊತ್ತಿರುವ ಸಂಗತಿಯೇ. ನಿಂತ ನೀರಿನ ಮೇಲೆ ಬ್ಯಾಟರಿ ಓರೆಯಾಗಿ ಬಿಟ್ಟರೆ ನೀರು ಕಪ್ಪಗೆ ಕಾಣುತ್ತದೆ, ಬೆಳಕೆಲ್ಲ ಆಚೆ ದಂಡೆಗೆ ಜಾರಿ ಹೋಗುತ್ತದೆ. ಬದುವಿನ ಮೇಲೆ ಬಿಟ್ಟರೆ ಹೆಂಟಿ ಹೆಂಟಿಯೂ ಕಾಣುತ್ತದೆ. ರಾಡಾರ್ ಕೂಡ ಓರೆಯಾಗಿಯೇ ನೋಡುತ್ತದೆ. ನಮ್ಮೂರ ನೀರು ಶುದ್ಧೀಕರಣ ಘಟಕಕ್ಕೆ ನೀರು ಕೊಡುವ ಸವದತ್ತಿಯ ರೇಣುಕಾ ಸಾಗರ ಅದರ ಚಿತ್ರದಲ್ಲಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ.

ಇನ್ನು ಎರಿ ಹೊಲ. ಸೆಂಟಿನೆಲ್ ಅಲೆಯ ಉದ್ದ 5.6 ಸೆಂ.ಮೀ., ಹೆಚ್ಚೂಕಡಿಮೆ ಒಂದು ಸಣ್ಣ ಹೆಂಟಿಯಷ್ಟು. ಹೆಂಟಿ ಆ ಅಳತೆಯದೋ ಅದಕ್ಕೂ ದೊಡ್ಡದೋ ಆಗಿದ್ದರೆ ಅಲೆ ಎಲ್ಲ ಕಡೆ ಚೆದರುತ್ತದೆ, ಒಂದು ಪಾಲು ಉಪಗ್ರಹಕ್ಕೇ ತಿರುಗಿ ಬರುತ್ತದೆ. ಹಾಗಾಗಿ ರಂಟಿ ಹೊಡೆದ ಹೊಲ ಬೆಳ್ಳಗೆ ಕಾಣುತ್ತದೆ, ಕುಂಟಿ ಹೊಡೆದು ನುಣ್ಣಗೆ ಮಾಡಿದ ಹೊಲ ಮಬ್ಬಾಗಿ ಕಾಣುತ್ತದೆ. ನಮ್ಮ ನಾಲ್ಕು ಎಕರೆ ಆ ಚಿತ್ರದಲ್ಲಿ ಸುಮಾರು 160 ಚುಕ್ಕೆ ಆಗುತ್ತದೆ. ಬೆಂಗಳೂರಿನಲ್ಲಿ ಕುಳಿತು, ಅಪ್ಪ ಈ ವಾರ ಟ್ರ್ಯಾಕ್ಟರ್ ಹೊಡೆಸಿದ್ದಾರೆ ಅಂತ ಫೋನ್ ಮಾಡುವ ಮೊದಲೇ ಹೇಳಿದೆ. ಅವರಿಗೆ ಅದು ಅಷ್ಟು ಸೇರಲಿಲ್ಲ.

ಹಿಮದ ಗುಡ್ಡದಲ್ಲೂ ಇದೇ ಲೆಕ್ಕ. ಒಣ ಹಿಮ ಹಾಸಿದ ಇಳಿಜಾರಿನಿಂದ ತಿರುಗಿ ಬರುವ ಅಲೆ ಕಡಿಮೆ. ಅದೇ ಹಿಮ ಕುಸಿದು ಕೆಳಗೆ ಬಂದು ನಿಂತಾಗ ಗಟ್ಟಿ ಗಡ್ಡೆಗಳ ರಾಶಿ ಆಗಿರುತ್ತದೆ, ರಂಟಿ ಹೊಡೆದ ಹೊಲದ ಹಾಗೆ. ಕುಸಿತದ ಮೊದಲಿನ ಚಿತ್ರ, ನಂತರದ ಚಿತ್ರ ಎರಡನ್ನೂ ಒಂದರ ಮೇಲೊಂದು ಇಟ್ಟರೆ ಹೊಸದಾಗಿ ಬೆಳ್ಳಗಾದ ಒಂದು ನಾಲಿಗೆ ಕಾಣುತ್ತದೆ. ನಾರ್ವೆಯ ಟ್ರೊಮ್ಸೊ ಊರಿನ ವಿಜ್ಞಾನಿಗಳು ಈ ನಾಲಿಗೆಗಳನ್ನು ಕಂಪ್ಯೂಟರ್ ತಾನೇ ಹುಡುಕಿ ಎಣಿಸುವಂತೆ ಮಾಡಿದ್ದಾರೆ.

ಇದನ್ನು ಓದಿ ನನಗೂ ಹುರುಪು ಬಂತು. ರಜೆಯ ದಿನಗಳಲ್ಲಿ ಕುಳಿತು ಹಿಮಾಚಲದ ಲಾಹೌಲ್ ಕಣಿವೆಯ ಚಿತ್ರ ಇಳಿಸಿಕೊಂಡು ಪ್ರೋಗ್ರಾಂ ಬರೆದೆ. ಪರದೆಯ ತುಂಬ ಹಿಮಕುಸಿತ! ನಾಲ್ಕು ಮಂದಿಗೆ ತೋರಿಸಿಯೂ ಬಿಟ್ಟೆ. ಆಮೇಲೆ ಒಂದೊಂದೇ ನೋಡುತ್ತ ಹೋದರೆ ಬಹಳಷ್ಟು ಸುಳ್ಳು. ಹಿಮ ಕರಗಿ ಹಸಿಯಾದಾಗ ಅಲೆಯನ್ನು ನುಂಗಿಬಿಡುತ್ತದೆ, ಚಿತ್ರ ಕಪ್ಪಾಗುತ್ತದೆ. ಮತ್ತೆ ಚಳಿ ಬಿದ್ದು ಗಟ್ಟಿಯಾದರೆ ಬೆಳ್ಳಗಾಗುತ್ತದೆ. ಅದನ್ನೇ ನಾನು ಕುಸಿತ ಅಂತ ಎಣಿಸಿದ್ದೆ. ಕಡಿದಾದ ಗುಡ್ಡಗಳ ತೊಂದರೆ ಬೇರೆ: ಓರೆ ನೋಟಕ್ಕೆ ಒಂದು ಮಗ್ಗುಲು ಮಡಚಿದ ಹಾಗೆ ಆಗುತ್ತದೆ, ಇನ್ನೊಂದು ಮಗ್ಗುಲು ನೆರಳಲ್ಲಿ ಮುಚ್ಚಿಹೋಗುತ್ತದೆ. ಸಣ್ಣ ಕುಸಿತಗಳು ಕಾಣುವುದೇ ಇಲ್ಲ. ತೋರಿಸಿದ ನಾಲ್ಕೂ ಮಂದಿಗೆ ಮತ್ತೆ ಫೋನ್ ಮಾಡಿ ತಪ್ಪಾಯಿತು ಅಂದೆ.

ಈಗ ಅಪ್ಪನ ಪ್ರಶ್ನೆ. ಒಂದು ಉಪಗ್ರಹ ಅದೇ ದಾರಿಯಲ್ಲಿ ಅದೇ ಜಾಗದ ಮೇಲೆ ಮತ್ತೆ ಬರಲು 12 ದಿನ ಬೇಕು. ಹಿಮದಲ್ಲಿ ಹುಗಿದವರು ಬದುಕಿ ಉಳಿಯುವುದು ಹೆಚ್ಚಾಗಿ ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಹೊರತೆಗೆದರೆ. ಅದಕ್ಕೇ ಆರು ದಿನದ ಮೇಲೂ ಹನುಮಂತಪ್ಪ ಉಸಿರಾಡುತ್ತಿದ್ದದ್ದನ್ನು ನಂಬುವುದು ಸೇನೆಯವರಿಗೂ ಕಷ್ಟವಾಯಿತು. ಅವರನ್ನು ಹುಡುಕಿದ್ದು ಅಷ್ಟು ಎತ್ತರದಲ್ಲಿ ಹಗಲು ರಾತ್ರಿ ಹಿಮ ಕಡಿದ ಜವಾನರು, ಅವರ ಜೊತೆಗಿದ್ದ ನಾಯಿಗಳು. ಆ ಕೆಲಸ ಉಪಗ್ರಹದಿಂದ ಆಗುವುದಿಲ್ಲ. ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೀಳುವ ಕ್ಷಣದಲ್ಲೇ ತಿಳಿಯಬೇಕಾದರೆ ನೆಲದ ಮೇಲೆ, ಗುಡ್ಡದ ಎದುರಿಗೇ ರಾಡಾರ್ ನಿಲ್ಲಿಸಬೇಕು. 2022ರಲ್ಲಿ ನಮ್ಮ ಸೇನೆ ಮತ್ತು ಡಿಆರ್‌ಡಿಒ ಉತ್ತರ ಸಿಕ್ಕಿಂನಲ್ಲಿ ಅಂಥದ್ದೊಂದನ್ನು ನಿಲ್ಲಿಸಿದರು. ಕುಸಿತ ಶುರುವಾದ ಮೂರು ಸೆಕೆಂಡಿನೊಳಗೆ ಅದು ಗುರುತಿಸುತ್ತದೆ. ಆದರೆ ಹಿಮಾಲಯದ ಎಷ್ಟು ಗುಡ್ಡದ ಎದುರಿಗೆ ನಿಲ್ಲಿಸೋಣ?

ಉಪಗ್ರಹದ ಕೆಲಸ ಇನ್ನೊಂದು. ಮನುಷ್ಯ ನೋಡಿ ಬರೆದಿಟ್ಟ ಹಿಮಕುಸಿತಗಳೆಲ್ಲ ರಸ್ತೆ ಪಕ್ಕದವು, ಠಾಣೆ ಪಕ್ಕದವು, ಮೋಡವಿಲ್ಲದ ದಿನದವು. ಯಾರೂ ಇಲ್ಲದ ಕಣಿವೆಯಲ್ಲಿ ಬಿದ್ದದ್ದು ಲೆಕ್ಕಕ್ಕೇ ಬಂದಿಲ್ಲ. ರಾಡಾರ್ ಚಿತ್ರ ವರ್ಷ ವರ್ಷ ಎಣಿಸುತ್ತ ಹೋದರೆ ಯಾವ ಕೊರಕಲಿನಲ್ಲಿ ಪದೇ ಪದೇ ಬೀಳುತ್ತದೆ, ಬಿದ್ದದ್ದು ಕೆಳಗೆ ಎಲ್ಲಿತನಕ ಹರಿಯುತ್ತದೆ ಅನ್ನುವುದರ ನಕ್ಷೆ ಆಗುತ್ತದೆ. "ನಾಳೆ ಅಪಾಯ" ಅಂತ ಮುನ್ಸೂಚನೆ ಕೊಟ್ಟವರು ತಾವು ಹೇಳಿದ್ದು ಎಷ್ಟು ನಿಜವಾಯಿತು ಅಂತ ತಾಳೆ ನೋಡಬಹುದು. ನಮ್ಮಲ್ಲಿ ಡಿಆರ್‌ಡಿಒದ ಚಂಡೀಗಡದ ಸಂಸ್ಥೆ ಈ ಮುನ್ಸೂಚನೆ ಕೊಡುತ್ತದೆ. 2025ರ ಫೆಬ್ರುವರಿ 28ರಂದು ಉತ್ತರಾಖಂಡದ ಮಾಣಾದಲ್ಲಿ ರಸ್ತೆ ಕೆಲಸದ 54 ಮಂದಿ ತಾವು ಉಳಿದುಕೊಂಡಿದ್ದ ಕಂಟೇನರ್ ಸಮೇತ ಹಿಮದಡಿ ಸಿಕ್ಕರು, 8 ಮಂದಿ ತೀರಿಕೊಂಡರು. ಕಂಟೇನರ್ ಎಲ್ಲಿ ಇಡಬೇಕು ಅನ್ನುವ ಮಾತಿಗೆ ಇಂಥ ನಕ್ಷೆ ಬೇಕು.

ಅದಕ್ಕೂ ಮಿತಿ ಇದೆ. ಹಿಂದೆಂದೂ ಬೀಳದ ಕಡೆ ಮೊದಲ ಸಲ ಬಿದ್ದರೆ ಹಳೆಯ ಎಣಿಕೆ ಏನೂ ಹೇಳುವುದಿಲ್ಲ. ಸೋನಂನಲ್ಲಿ ಬಿದ್ದಂಥ ಹಿಮಗೋಡೆಯನ್ನು ಈ ನಕ್ಷೆ ಮೊದಲೇ ತೋರಿಸುತ್ತಿತ್ತು ಅಂತ ನಾನು ಹೇಳಲಾರೆ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಹಾರಿತು. ಇಸ್ರೊ ಮತ್ತು ನಾಸಾ ಕೂಡಿ ಮಾಡಿದ ಉಪಗ್ರಹ, ಅಂತಿಮ ಜೋಡಣೆ ಆದದ್ದು ಬೆಂಗಳೂರಿನಲ್ಲಿ. ಅದರಲ್ಲಿ ಎರಡು ಅಳತೆಯ ಅಲೆಗಳ ರಾಡಾರ್ ಇವೆ. ಅದೂ 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಚಿತ್ರ ಕೊಡುವ ಉಪಗ್ರಹ ಹೆಚ್ಚಾದಷ್ಟೂ ನಡುವಿನ ದಿನ ಕಡಿಮೆ ಆಗುತ್ತವೆ.

ಇಷ್ಟನ್ನೂ ಹೋದ ದೀಪಾವಳಿಗೆ ಬಂದಾಗ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿ, "ಹಂಗಾರ ಗುಡಾರ ಹಾಕೂಕಿಂತ ಮೊದಲ ನೋಡೂದು ಅದು, ಹುಡಕೂದಕ್ಕಲ್ಲ" ಅಂದರು. ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು.

ವಿದ್ಯಾರ್ಥಿಗಳು ಊಟ ಆದಮೇಲೆ ಕಂಪ್ಯೂಟರ್ ಕೋಣೆಗೆ ಬನ್ನಿ. ಅಮ್ಮಿನಬಾವಿಯ ರಾಡಾರ್ ಚಿತ್ರ ಎರಡು ತಂದಿದ್ದೇನೆ, ಒಂದು ಮುಂಗಾರಿ ಬಿತ್ತುವ ಮೊದಲಿನದು, ಇನ್ನೊಂದು ಆಮೇಲಿನದು. ಯಾರ ಹೊಲ ಯಾವುದು ಅಂತ ನೀವೇ ಹುಡುಕಿ ತೋರಿಸಿ.