ಅಳಿಸಿದ್ದು, ಉಳಿದದ್ದು



ನಮ್ಮ ವೃತ್ತಿಯ ಒಂದು ಹಳೆಯ ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ. ನಾನು ಟೆಲಿವಿಷನ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾರ್ಯಕ್ರಮಗಳೆಲ್ಲ ಟೇಪಿನ ಮೇಲಿರುತ್ತಿದ್ದವು. ಟೇಪಿಗೆ ಬೆಲೆ ಹೆಚ್ಚು, ಕಪಾಟಿನಲ್ಲಿ ಜಾಗ ಕಡಿಮೆ. ಹಳೆಯ ಟೇಪಿನ ಮೇಲೆಯೇ ಹೊಸ ಕಾರ್ಯಕ್ರಮ ಮುದ್ರಿಸುವುದು ವಾಡಿಕೆ. ಹೀಗೆ ಒಂದು ದಿನ, ತಮ್ಮ ಹೋಬಳಿಯ ಕೆರೆಗಳ ಲೆಕ್ಕ ಬಲ್ಲ ವೃದ್ಧ ಶಾನುಭೋಗರೊಬ್ಬರೊಡನೆ ನಾನೇ ನಡೆಸಿದ್ದ ಅರ್ಧ ಗಂಟೆಯ ಸಂದರ್ಶನದ ಮೇಲೆ ಒಂದು ಅಡುಗೆ ಕಾರ್ಯಕ್ರಮ ಬಂದು ಕುಳಿತಿತು. ಯಾರಿಗೂ ದುರುದ್ದೇಶವಿರಲಿಲ್ಲ. ಅಳಿಸುವ ಮುನ್ನ ಯಾರನ್ನು ಕೇಳಬೇಕೆಂಬ ನಿಯಮವಿರಲಿಲ್ಲ, ಅಷ್ಟೆ.

ಇದೇ ಕೆಲಸವನ್ನು ಸರ್ಕಾರದ ಹಿರಿಯ ಅಧಿಕಾರಿಯೊಬ್ಬ ತನ್ನ ಕಂಪ್ಯೂಟರಿನಲ್ಲಿ ಮಾಡಿದರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು 1986ರ ಅಮೆರಿಕಕ್ಕೆ ಹೋಗಬೇಕು.

ಆ ವರ್ಷದ ನವೆಂಬರ್ ತಿಂಗಳಲ್ಲಿ ಒಂದು ಗುಟ್ಟು ಬಯಲಾಯಿತು. ಅಧ್ಯಕ್ಷ ರೇಗನ್ನರ ಆಡಳಿತ ಗುಟ್ಟಾಗಿ ಇರಾನಿಗೆ ಶಸ್ತ್ರಾಸ್ತ್ರ ಮಾರಿತ್ತು. ಆ ಹಣದ ಒಂದು ಭಾಗ ನಿಕರಾಗುವಾ ದೇಶದ ಬಂಡುಕೋರರಿಗೆ ಹೋಗಿತ್ತು. ರಾಷ್ಟ್ರೀಯ ಭದ್ರತಾ ಮಂಡಳಿಯ ಅಧಿಕಾರಿಗಳಾದ ಆಲಿವರ್ ನಾರ್ತ್ ಮತ್ತು ಜಾನ್ ಪಾಯಿಂಡೆಕ್ಸ್‌ಟರ್ ತನಿಖೆಯ ಸುಳಿವು ಸಿಕ್ಕೊಡನೆ ಕಾಗದಗಳನ್ನು ನಾಶಮಾಡತೊಡಗಿದರು. ಜೊತೆಗೆ ಕಂಪ್ಯೂಟರಿನಲ್ಲಿದ್ದ ತಮ್ಮ ಸಂದೇಶಗಳನ್ನೂ ಅಳಿಸಿದರು. ಒಂದೆರಡಲ್ಲ, ಐದು ಸಾವಿರಕ್ಕೂ ಹೆಚ್ಚು ಸಂದೇಶಗಳು! ಅವರು ಬಳಸುತ್ತಿದ್ದುದು ಐಬಿಎಂ ಕಂಪನಿಯ ‘ಪ್ರಾಫ್ಸ್’ ಎಂಬ ವ್ಯವಸ್ಥೆ, ಇಂದಿನ ಇ-ಮೇಲ್‌ನ ಅಣ್ಣ ಎನ್ನಿ. ಆದರೆ ಕಂಪ್ಯೂಟರ್ ಕೊಠಡಿಯಲ್ಲಿ ಆಗಾಗ್ಗೆ ಎಲ್ಲದರ ಒಂದು ಪ್ರತಿಯನ್ನು ಟೇಪಿಗೆ ಇಳಿಸಿಡುವ ಪದ್ಧತಿ ಇತ್ತು. ತನಿಖೆಯವರಿಗೆ ಸಂದೇಶಗಳು ಆ ಟೇಪುಗಳಲ್ಲಿ ಸಿಕ್ಕವು. ಗುಂಡಿ ಒತ್ತಿದರೆ ಎಲ್ಲವೂ ಶಾಶ್ವತವಾಗಿ ಹೋಯಿತೆಂದೇ ನಂಬಿದ್ದೆವು ಎಂದು ನಾರ್ತ್ 1987ರಲ್ಲಿ ವಿಚಾರಣೆಯ ಮುಂದೆ ಒಪ್ಪಿಕೊಂಡರು.

ಇಲ್ಲಿ ಸ್ವಲ್ಪ ವಿಜ್ಞಾನ. ನೀವು ಕಂಪ್ಯೂಟರಿನಲ್ಲಿ ಒಂದು ಕಡತವನ್ನು ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಅದರ ವಿಳಾಸ ಮಾತ್ರ. ಪುಸ್ತಕದ ಪರಿವಿಡಿಯಲ್ಲಿ ಒಂದು ಅಧ್ಯಾಯದ ಹೆಸರನ್ನು ಹೊಡೆದುಹಾಕಿದಂತೆ. ಪುಟಗಳು ಇದ್ದಲ್ಲೇ ಇರುತ್ತವೆ. ಆ ಜಾಗದಲ್ಲಿ ಬೇರೆ ಬರಹ ಬಂದು ಕೂರುವ ತನಕ ಹಳೆಯದನ್ನು ಓದಬಹುದು. ನಿಜವಾಗಿ ಇಲ್ಲವಾಗಿಸಬೇಕಾದರೆ ಅದರ ಮೇಲೆ ಬೇರೇನನ್ನಾದರೂ ಬರೆಯಬೇಕು, ಇಲ್ಲವೇ ಪ್ರಬಲ ಕಾಂತಕ್ಷೇತ್ರಕ್ಕೆ ಒಡ್ಡಬೇಕು, ಇಲ್ಲವೇ ಸಾಧನವನ್ನೇ ಪುಡಿಮಾಡಬೇಕು. ಕಾಂತದ ಉಪಾಯ ಟೇಪಿಗೂ ಹಾರ್ಡ್ ಡಿಸ್ಕಿಗೂ ಸರಿ. ನಿಮ್ಮ ಮೊಬೈಲಿನೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಮಾಹಿತಿ ವಿದ್ಯುದಾವೇಶದ ರೂಪದಲ್ಲಿರುವುದರಿಂದ ಅಲ್ಲಿ ಕಾಂತ ನಡೆಯದು.

ಕಥೆ ಮುಂದುವರಿಯಿತು. ರೇಗನ್ನರು ಅಧಿಕಾರ ಬಿಡುವ ಹಿಂದಿನ ದಿನ, 1989ರ ಜನವರಿ 19ರಂದು, ಸ್ಕಾಟ್ ಆರ್ಮ್‌ಸ್ಟ್ರಾಂಗ್ ಎಂಬ ಪತ್ರಕರ್ತರು ಮತ್ತು ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಖಾಸಗಿ ಸಂಸ್ಥೆ ನ್ಯಾಯಾಲಯಕ್ಕೆ ಓಡಿದರು. ಟೇಪುಗಳನ್ನು ಅಳಿಸಕೂಡದೆಂದು ಅಂದೇ ತಡೆಯಾಜ್ಞೆ ಸಿಕ್ಕಿತು. ಮುಖ್ಯವಾದುದನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಂಡರೆ ಸಾಕು, ಕಂಪ್ಯೂಟರಿನಲ್ಲಿರುವುದನ್ನು ಅಳಿಸಬಹುದು ಎಂಬುದು ಸರ್ಕಾರದ ವಾದ. ಕೇಳಲು ಸರಿಯಾಗಿಯೇ ಇದೆ, ಅಲ್ಲವೇ? ನ್ಯಾಯಾಧೀಶ ಚಾರ್ಲ್ಸ್ ರಿಚಿ ಅವರು 1993ರ ಜನವರಿಯಲ್ಲಿ ಅದನ್ನು ಒಪ್ಪಲಿಲ್ಲ. ಮುದ್ರಿಸಿದ ಹಾಳೆಯಲ್ಲಿ ಸಂದೇಶದ ಪಠ್ಯ ಇರುತ್ತದೆ. ಅದು ಯಾರು ಯಾರಿಗೆ ಹೋಯಿತು, ಯಾವ ಗಳಿಗೆಯಲ್ಲಿ ತಲುಪಿತು ಎಂಬ ವಿವರ ಬಿಟ್ಟುಹೋಗಬಹುದು. ಯಾರಿಗೆ ಏನು ಯಾವಾಗ ಗೊತ್ತಿತ್ತು ಎಂಬುದೇ ತನಿಖೆಯ ಜೀವಾಳವಾಗಿರುವಾಗ ಅದಿಲ್ಲದ ಹಾಳೆಯಿಂದ ಏನು ಪ್ರಯೋಜನ? ಅದೇ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಈ ನಿಲುವನ್ನು ಎತ್ತಿಹಿಡಿಯಿತು.

ಅಲ್ಲಿಗೆ ತೊಂದರೆ ಮುಗಿಯಿತೆಂದುಕೊಳ್ಳಬೇಡಿ. 2021ರ ಜನವರಿ 6ರಂದು ವಾಷಿಂಗ್ಟನ್‌ನಲ್ಲಿ ಸಂಸತ್ ಭವನಕ್ಕೆ ಗುಂಪು ನುಗ್ಗಿತಲ್ಲ, ಆ ದಿನದ ಮತ್ತು ಹಿಂದಿನ ದಿನದ ಸೀಕ್ರೆಟ್ ಸರ್ವಿಸ್ ಸಿಬ್ಬಂದಿಯ ಅನೇಕ ಮೊಬೈಲ್ ಸಂದೇಶಗಳು ಅಳಿಸಿಹೋಗಿವೆ ಎಂಬ ಸಂಗತಿ 2022ರ ಜುಲೈನಲ್ಲಿ ಹೊರಬಿತ್ತು. ಮೊದಲೇ ಗೊತ್ತುಮಾಡಿದ್ದ ಫೋನ್ ಬದಲಾವಣೆಯ ಕಾರ್ಯಕ್ರಮದಲ್ಲಿ ಹಾಗಾಯಿತು, ದುರುದ್ದೇಶವಿರಲಿಲ್ಲ ಎಂದು ಸಂಸ್ಥೆ ಹೇಳಿತು. ನನಗೆ ನನ್ನ ಅಡುಗೆ ಕಾರ್ಯಕ್ರಮ ನೆನಪಾಯಿತು. 1986ರಲ್ಲಿ ನೆರವಿಗೆ ಬಂದ ಟೇಪಿನಂಥದು ಈ ಸಲ ಸಿಗಲಿಲ್ಲ. ಹಳೆಯ ಸಂದೇಶಗಳನ್ನು ಕಾದಿಡುವ ಹೊಣೆ ಆಯಾ ನೌಕರರ ಮೇಲೆಯೇ ಇತ್ತು.

ನಮ್ಮಲ್ಲಿ? ನ್ಯಾಯಾಧೀಶ ರಿಚಿ ತೀರ್ಪಿತ್ತ 1993ರಲ್ಲಿಯೇ ನಮ್ಮ ಸಂಸತ್ತು ಸಾರ್ವಜನಿಕ ದಾಖಲೆಗಳ ಅಧಿನಿಯಮವನ್ನು ಮಾಡಿತು. 1995ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ಕಂಪ್ಯೂಟರಿನಿಂದ ಹೊರಬಂದುದೂ ದಾಖಲೆಯೇ ಎಂದು ಅದರ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿ ಸೇರಿಸಿದ್ದಾರೆ. ಕಚೇರಿಗಳಲ್ಲಿ ಟೈಪ್‌ರೈಟರ್ ಸದ್ದು ಮಾಡುತ್ತಿದ್ದ ದಿನಗಳಲ್ಲಿ ಇದು ದೂರದೃಷ್ಟಿಯೇ ಸರಿ. ಕೇಂದ್ರ ಸರ್ಕಾರದ ದಾಖಲೆಯನ್ನು ನಿಯಮ ಮೀರಿ ನಾಶಮಾಡಿದರೆ ಐದು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ ಬಂದಿತು. ನಾಗರಿಕರು ಕೇಳಿದ ಮಾಹಿತಿಯನ್ನು ನಾಶಪಡಿಸಿದ ಮಾಹಿತಿ ಅಧಿಕಾರಿಗೆ ಅದರಡಿ 25,000 ರೂಪಾಯಿವರೆಗೆ ದಂಡ ಬೀಳಬಹುದು.

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳಲಾಗದು. ಊಟದ ಸಮಯ ಕೇಳಿದ ಸಂದೇಶ ಯಾರಿಗೆ ಬೇಕು? ಗುಜರಿಗೆ ಹೋಗುವ ಹಳೆಯ ಕಂಪ್ಯೂಟರಿನಲ್ಲಿ ನಿಮ್ಮ ತಂದೆಯವರ ಪಿಂಚಣಿ ವಿವರ ಉಳಿದಿದ್ದರೆ ಅದೂ ಅಪಾಯವೇ. ಆದ್ದರಿಂದ ದಾಖಲೆಯನ್ನು ಮೊದಲು ಬೇರೆಡೆ ಸೇರಿಸಿ, ಆಮೇಲೆ ಯಂತ್ರವನ್ನು ಶುದ್ಧ ಮಾಡಬೇಕು. ಈ ಎರಡರ ಹಿಂದುಮುಂದು ತಪ್ಪಿದಾಗಲೇ ಅನರ್ಥ.

1997ರ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ. ನಾಶಮಾಡಲಿರುವ ದಾಖಲೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ದಾಖಲೆ ಹೋದರೂ ಆ ಪಟ್ಟಿಯನ್ನು ಶಾಶ್ವತವಾಗಿ ಇಡಬೇಕು. ನಮ್ಮ ಟೇಪಿನ ಕಪಾಟಿಗೆ ಅಂಥ ಪಟ್ಟಿ ಇರಲಿಲ್ಲ. ಶಾನುಭೋಗರ ಟೇಪಿನ ಡಬ್ಬಿ ಮಾತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಅದರ ಮೇಲಿನ ಚೀಟಿಯಲ್ಲಿ ಅವರ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಬದನೆಕಾಯಿ ಎಣ್ಣೆಗಾಯಿ’ ಎಂದು ಬರೆದಿದ್ದಾರೆ.