ಸಹಿ ಬಿದ್ದ ಒಪ್ಪಂದವನ್ನು ತಿದ್ದುವವರು ಯಾರು?



ಬಸವಕಲ್ಯಾಣಕ್ಕೆ ಇಷ್ಟು ಹತ್ತಿರದ ಚಿಟಗುಪ್ಪದಲ್ಲಿ ದುಡಿಮೆಯ ಮಾತು ಕಾಯಕದಿಂದ ಶುರುವಾಗುವುದು ವಾಡಿಕೆ. ನಾನು ಸಂಬಳದಿಂದ ಶುರು ಮಾಡುತ್ತೇನೆ. ಕಾಯಕದ ಹೆಸರು ಹೇಳಿ ಸಂಬಳ ಹಿಡಿದವರನ್ನೂ ನಾವು ಕಂಡಿದ್ದೇವೆ.

ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಎಲ್‌ಐಸಿ ಪಾಲಿಸಿ ಇದೆ. ಆ ಪಾಲಿಸಿ ಬರೆದಿಟ್ಟ ಗುಮಾಸ್ತರು, ಜವಾನರು ತಮ್ಮ ಬೋನಸ್ಸಿಗಾಗಿ ಪಾರ್ಲಿಮೆಂಟನ್ನೇ ಎದುರು ಹಾಕಿಕೊಂಡ ಕಥೆ ಮಾತ್ರ ಈ ಕಡೆ ಯಾರೂ ಹೇಳುವುದಿಲ್ಲ.

1974ರ ಜನವರಿಯಲ್ಲಿ ಜೀವ ವಿಮಾ ನಿಗಮಕ್ಕೂ ನೌಕರ ಸಂಘಗಳಿಗೂ ಒಪ್ಪಂದವಾಯಿತು. ಮೂರು ಮತ್ತು ನಾಲ್ಕನೇ ದರ್ಜೆಯವರಿಗೆ ವರ್ಷದ ಸಂಬಳದ ಶೇ. 15ರಷ್ಟು ಬೋನಸ್, 1977ರ ಮಾರ್ಚ್ 31ರವರೆಗೆ. ನಡುವೆ ತುರ್ತು ಪರಿಸ್ಥಿತಿ ಬಂತು, ಬೋನಸ್ ನಿಂತಿತು. ನೌಕರರು ಕಲ್ಕತ್ತಾ ಹೈಕೋರ್ಟಿಗೆ ಹೋಗಿ 1976ರ ಮೇ 21ರಂದು ಗೆದ್ದರು. ಜೂನ್ 1ಕ್ಕೆ ಹೊಸ ಕಾಯ್ದೆಯೇ ಜಾರಿಗೆ ಬಂತು! ಅದರ ಹೆಸರೇ ಒಪ್ಪಂದ ಮಾರ್ಪಾಡು ಕಾಯ್ದೆ. ಮುಚ್ಚುಮರೆ ಏನೂ ಇಲ್ಲ. 1975ರ ಏಪ್ರಿಲ್‌ನಿಂದಲೇ ಬೋನಸ್ಸಿನ ಕಲಂ ರದ್ದು.

1978ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಮದನ ಮೋಹನ ಪಾಠಕ್ ಪ್ರಕರಣದಲ್ಲಿ ಆ ಕಾಯ್ದೆಯನ್ನು ತಳ್ಳಿಹಾಕಿತು. ದುಡಿದು ಗಳಿಸಿದ ಬೋನಸ್ ನೌಕರನ ಆಸ್ತಿ, ಪರಿಹಾರವಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂಬುದು ಬಹುಮತದ ವಾದ. (ಮುಂದೆ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕಿನ ಪಟ್ಟಿಯಿಂದಲೇ ತೆಗೆಯಿತು. ಜಮೀನ್ದಾರರ ನೆನಪಿನಲ್ಲಿ ಅದಕ್ಕೆ ಚಪ್ಪಾಳೆ ತಟ್ಟಿದವರು ಈ ಗುಮಾಸ್ತರನ್ನು ಮರೆತಿದ್ದರು.)

ನಿಗಮ ಸುಮ್ಮನಾಗಲಿಲ್ಲ. ಅವಧಿ ಮುಗಿದಿದೆ, ಒಪ್ಪಂದ ಕೊನೆಗಾಣಿಸುತ್ತೇವೆ ಎಂದು ನೋಟಿಸ್ ಕೊಟ್ಟಿತು. 1980ರ ನವೆಂಬರ್‌ನಲ್ಲಿ ಡಿ.ಜೆ. ಬಹಾದೂರ್ ಪ್ರಕರಣದ ತೀರ್ಪು ಬಂತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಹುಮತದ ಕಡೆಗಿದ್ದರು. ಅವಧಿ ಮುಗಿದರೂ, ನೋಟಿಸ್ ಕೊಟ್ಟರೂ, ಹೊಸ ಒಪ್ಪಂದವೋ ನ್ಯಾಯಮಂಡಳಿಯ ತೀರ್ಪೋ ಬರುವ ತನಕ ಹಳೆಯದೇ ನಡೆಯುತ್ತದೆ ಎಂದಿತು ನ್ಯಾಯಾಲಯ. ನನ್ನ ಲೆಕ್ಕದಲ್ಲಿ ಭಾರತದ ಕಾರ್ಮಿಕರಿಗೆ ಸಿಕ್ಕ ಗಟ್ಟಿ ಮಾತುಗಳಲ್ಲಿ ಇದೂ ಒಂದು.

ಆದರೆ ಅಲ್ಲಿಗೇ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತೆ. 1981ರಲ್ಲಿ ಸರ್ಕಾರ ಜೀವ ವಿಮಾ ನಿಗಮದ ಮೂಲ ಕಾಯ್ದೆಯನ್ನೇ ತಿದ್ದಿ, ಸೇವಾ ನಿಯಮ ಮಾಡುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಮರುವರ್ಷ ನಾಚಣೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹಿಂದಿನ ಬಾಕಿ ಉಳಿಯಿತು, ಮುಂದಿನ ಬೋನಸ್ ಹೋಯಿತು.

ಈಗ ನಮ್ಮ ಸಾರಿಗೆ ಬಸ್ ಡಿಪೋಗಳಿಗೆ ಬರೋಣ. ಹುಮನಾಬಾದ್, ಬಸವಕಲ್ಯಾಣದ ಚಾಲಕರು, ನಿರ್ವಾಹಕರು ಬಾಯಿಪಾಠದಂತೆ ಹೇಳುವ ಒಂದು ಲೆಕ್ಕವಿದೆ: 38 ತಿಂಗಳು. 2020ರ ಜನವರಿ 1ಕ್ಕೆ ಆಗಬೇಕಿದ್ದ ವೇತನ ಪರಿಷ್ಕರಣೆ ಶೇ. 15ರ ದರದಲ್ಲಿ ಜಾರಿಯಾದದ್ದು 2023ರ ಮಾರ್ಚಿನಿಂದ. ನಡುವಿನ ಹಿಂಬಾಕಿ 2025ರ ಆಗಸ್ಟ್ 5ರ ಮುಷ್ಕರದ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಎಲ್‌ಐಸಿ ಪ್ರಕರಣದ 1980ರ ತೀರ್ಪಿನ ಇನ್ನೊಂದು ಮಗ್ಗುಲು ಇಲ್ಲಿ ಕಾಣುತ್ತದೆ. ಹಳೆಯ ಒಪ್ಪಂದ ಸಾಯುವುದಿಲ್ಲ ಎಂದರೆ ಹಳೆಯ ಸಂಬಳವೂ ಸಾಯುವುದಿಲ್ಲ. ಕಡಿತ ಮಾಡಲು ಹೊರಟ ಆಡಳಿತವನ್ನು ಅದು ತಡೆಯುತ್ತದೆ, ಏರಿಕೆ ಮುಂದೂಡುವ ಆಡಳಿತಕ್ಕೆ ಅದೇ ಅನುಕೂಲ.

ಕಡಿತಕ್ಕೆ ಇನ್ನೊಂದು ತಡೆಯೂ ಇತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಪ್ರಕಾರ ಸಂಬಳ, ಭತ್ಯೆ, ಕೆಲಸದ ವೇಳೆಯಂಥ ವಿಷಯಗಳನ್ನು ನೌಕರರಿಗೆ ಹೊರೆಯಾಗುವಂತೆ ಬದಲಿಸಬೇಕಾದರೆ 21 ದಿನದ ನೋಟಿಸ್ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಆ 21 ದಿನ ಉಳಿದಿದೆ. ಆದರೆ ನೋಟಿಸ್ ಕೊಡದಿದ್ದರೆ ತಕರಾರು, ಕೊಟ್ಟರೆ ಮಾತುಕತೆ. ಮಾತುಕತೆಗೆ ಕೂರುವವರು ಯಾರು? ಹಲವು ಯೂನಿಯನ್‌ಗಳಿರುವ ಕಡೆ ಶೇ. 51 ಅಥವಾ ಹೆಚ್ಚು ಸದಸ್ಯಬಲವಿರುವ ಯೂನಿಯನ್ ಇದ್ದರೆ ಅದೊಂದಕ್ಕೇ ಆ ಕುರ್ಚಿ ಎನ್ನುತ್ತದೆ ಸಂಹಿತೆ.

ಆ ಯೂನಿಯನ್ನಿನ ಒಳಗಿನ ಸದಸ್ಯನ ಸ್ಥಿತಿಯೂ ಅಷ್ಟೇನೂ ಚೆನ್ನಾಗಿಲ್ಲ. ಅಮೆರಿಕದ ಹಲವು ಸಂಘಗಳಲ್ಲಿ ಕರಾರನ್ನು ಸದಸ್ಯರ ಮತಕ್ಕೆ ಹಾಕಿ ಒಪ್ಪಿಗೆ ಪಡೆಯುತ್ತಾರೆ. ನಮ್ಮಲ್ಲಿ ಕೈಗಾರಿಕಾ ವಿವಾದ ಕಾಯ್ದೆಯಡಿಯ 1957ರ ಕೇಂದ್ರ ನಿಯಮಗಳ ಪ್ರಕಾರ ಒಪ್ಪಂದಕ್ಕೆ ಸಂಘದ ಒಬ್ಬ ಪದಾಧಿಕಾರಿಯ ಸಹಿ ಇದ್ದರೆ ಸಾಕಾಗಿತ್ತು. ಸಂಘವಿಲ್ಲದೆ ಐವರು ಪ್ರತಿನಿಧಿಗಳು ಸಹಿ ಮಾಡುವುದಾದರೆ ಮಾತ್ರ ಕಾರ್ಮಿಕರ ಸಭೆ ಸೇರಿಸಿ ಅಧಿಕಾರ ಪಡೆಯಬೇಕಿತ್ತು! ಸಂಘ ಕಟ್ಟಿಕೊಂಡವರಿಗೆ ಸಭೆಯ ಹಕ್ಕು ಬರಬೇಕಾದರೆ ಅದನ್ನು ಸಂಘದ ಬೈಲಾದಲ್ಲೇ ಬರೆಸಬೇಕು: ಸಹಿಗೆ ಮುಂಚೆ ಕರಡು ಕನ್ನಡದಲ್ಲಿ ಡಿಪೋದ ಬೋರ್ಡಿಗೆ ಬರಲಿ, ತಿದ್ದುಪಡಿಯಾದರೆ ಮತ್ತೊಮ್ಮೆ ಸರ್ವಸದಸ್ಯರ ಸಭೆ ಸೇರಲಿ. ಬೈಲಾ ತಿದ್ದಲು ದಿಲ್ಲಿಗೆ ಹೋಗಬೇಕಿಲ್ಲ, ಮುಂದಿನ ವಾರ್ಷಿಕ ಸಭೆಯ ಅಜೆಂಡಾಕ್ಕೆ ಒಂದು ಅರ್ಜಿ ಕೊಟ್ಟರಾಯಿತು.